ಹೆದರಿಸುವ ಗೊಂಬೆ, ಹೆಸರಿಲ್ಲದ ಕೈ

1931ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಕಂಪನಿ ‘ಡ್ರಾಕುಲಾ’ ಮತ್ತು ‘ಫ್ರಾಂಕೆನ್‌ಸ್ಟೈನ್’ ಚಿತ್ರಗಳನ್ನು ತೆರೆಗೆ ತಂದಿತು. ಡ್ರಾಕುಲಾನಿಗೆ ಮುಖ ಕೊಟ್ಟವನು ಬೇಲಾ ಲುಗೋಸಿ. ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ದೈತ್ಯನಾಗಿ ನಟಿಸಿದವನು ಬೋರಿಸ್ ಕಾರ್ಲಾಫ್. ಅವನ ಚಪ್ಪಟೆ ನೆತ್ತಿಯ ವೇಷ ಕಟ್ಟಿದವನು ಜಾಕ್ ಪಿಯರ್ಸ್. 1957ರಲ್ಲಿ ಈ ಹಳೆಯ ಚಿತ್ರಗಳು ಅಮೆರಿಕದ ಟಿ.ವಿ.ಗೆ ಬಂದಾಗ ಹೊಸ ತಲೆಮಾರಿನ ಮಕ್ಕಳು ಹೆದರುತ್ತಲೇ ಅವನ್ನು ಮೆಚ್ಚಿಕೊಂಡರು. 1960ರ ದಶಕದ ಆರಂಭದಲ್ಲಿ ಅರೋರಾ ಕಂಪನಿ ಈ ಪಾತ್ರಗಳ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಮಕ್ಕಳು ಅಂಟಿಸಿ, ಬಣ್ಣ ಬಳಿದು ಆಡಿದರು. ಇವತ್ತು ಸಂಗ್ರಾಹಕರ ಲೋಕದಲ್ಲಿ ಪೆಟ್ಟಿಗೆಯನ್ನೇ ತೆರೆಯದ ಗೊಂಬೆಗೆ ಬೆಲೆ ಹೆಚ್ಚು. ಆಡಿದ ಗುರುತು ಅಲ್ಲಿ ದೋಷ. ಆಮೇಲೆ ಬಂದ ‘ಲಿಮಿಟೆಡ್ ಎಡಿಷನ್’ ಗೊಂಬೆಗಳು ಇನ್ನೂ ಮುಂದೆ ಹೋದವು: ಇಷ್ಟೇ ಮಾಡಿದ್ದೇವೆ ಎಂಬ ಸಂಖ್ಯೆಯೇ ಮಾರಾಟದ ಸರಕಾಯಿತು.

ಆದರೆ ಆ ಮುಖ ಯಾರದು? 1956ರಲ್ಲಿ ತೀರಿಕೊಂಡ ಲುಗೋಸಿಯ ವಾರಸುದಾರರು, ಅವನ ಮುಖವಿರುವ ಸರಕಿನ ಆದಾಯದಲ್ಲಿ ತಮಗೂ ಹಕ್ಕಿದೆ ಎಂದು ಯೂನಿವರ್ಸಲ್ ವಿರುದ್ಧ ಮೊಕದ್ದಮೆ ಹೂಡಿದರು. 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಅಂಥ ಹಕ್ಕು ನಟನ ಜೊತೆಗೇ ಮುಗಿಯುತ್ತದೆ ಎಂದಿತು. 1985ರಲ್ಲಿ ಜಾರಿಗೆ ಬಂದ ಕಾನೂನು ಆ ರಾಜ್ಯದಲ್ಲಿ ಮರಣಾನಂತರವೂ ಇಂಥ ಹಕ್ಕನ್ನು ಒಪ್ಪಿಕೊಂಡಿತು.

ಇದೇ ಪ್ರಶ್ನೆ ಕನ್ನಡ ನಾಡಿನ ಗೊಂಬೆಗಳಿಗೂ ಇದೆ. ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ನಮ್ಮ ಹಳ್ಳಿಗಳಲ್ಲಿ ಬಿಳಿ ಪರದೆಯ ಮೇಲೆ ಹತ್ತು ತಲೆಯ ರಾವಣ ಎದ್ದು ನಿಲ್ಲುತ್ತಿದ್ದ. ಅವನನ್ನು ಕುಣಿಸುತ್ತಿದ್ದವರು ಕಿಳ್ಳೇಕ್ಯಾತ, ಶಿಳ್ಳೇಕ್ಯಾತ ಎಂದು ಕರೆಯಲಾಗುವ ಅಲೆಮಾರಿ ಸಮುದಾಯದ ಕುಟುಂಬಗಳು. ತೊಗಲನ್ನು ಬೆಳಕು ಹಾಯುವಷ್ಟು ಹದಮಾಡಿ, ತೂತು ಕೊರೆದು, ಬಣ್ಣ ಹಾಕಿ, ಹಿಂದೆ ದೀಪವಿಟ್ಟು ರಾತ್ರಿಯಿಡೀ ರಾಮಾಯಣ, ಮಹಾಭಾರತ ಆಡುತ್ತಿದ್ದರು. ಮಳೆ ಹೋದ ವರ್ಷ ಮಳೆಗಾಗಿಯೇ ಆಡಿಸುವ ವಾಡಿಕೆಯೂ ಇತ್ತು. ಆ ಗೊಂಬೆಗಳಿಗೆ ಸಂಖ್ಯೆಯ ಮುದ್ರೆ ಬೇಕಿರಲಿಲ್ಲ. ಕೈಯಿಂದ ಕೊರೆದದ್ದರಿಂದ ಪ್ರತಿಯೊಂದೂ ಒಂದೇ ಒಂದು.

ಆಟಕ್ಕೆ ಕರೆಯುವವರು ಕಡಿಮೆಯಾದಂತೆ ಗೊಂಬೆಗಳು ಸಂಗ್ರಹಾಲಯ ಸೇರತೊಡಗಿದವು. ಕಲಾವಿದ ಎಂ. ಎಸ್. ನಂಜುಂಡರಾವ್ ಅವರು ತೊಗಲುಗೊಂಬೆಗಳನ್ನು ಸಂಗ್ರಹಿಸಿ, ಅಭ್ಯಾಸ ಮಾಡಿ, ಅವುಗಳ ಬಗ್ಗೆ ಬರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅಂಥ ಗೊಂಬೆಗಳನ್ನು ಇಂದಿಗೂ ನೋಡಬಹುದು. ಸಂಗ್ರಹವಿಲ್ಲದಿದ್ದರೆ ಇವುಗಳಲ್ಲಿ ಹಲವು ಹುಳ ಹಿಡಿದು, ಹರಿದು ಹೋಗುತ್ತಿದ್ದವು. ಆದರೆ ಸಂಗ್ರಹ ಉಳಿಸುವುದು ತೊಗಲನ್ನು ಮಾತ್ರ. ದೀಪವಿಲ್ಲದೆ, ಹಾಡಿಲ್ಲದೆ, ಗಾಜಿನ ಹಿಂದೆ ನಿಂತ ರಾವಣ ಯಾರನ್ನೂ ಹೆದರಿಸಲಾರ. ಒಂದು ಕುಟುಂಬ ತನ್ನ ಗೊಂಬೆಗಳನ್ನು ಕೊಟ್ಟರೆ ಅದರ ಕಸುಬಿನ ಸಲಕರಣೆಯೂ ಹೋದಂತೆ.

ಕಸುಬು ಪೂರ್ತಿ ಸತ್ತಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಗೊಂಬೆಯ ಜೊತೆ ಆಡಿಸುವವರ ಹೆಸರೂ ದಾಖಲೆಗೆ ಸೇರಿದ ಅಪರೂಪದ ಸಂದರ್ಭ ಅದು.

ಲುಗೋಸಿಗೆ ಹೆಸರಿತ್ತು; ಅವನ ಮನೆಯವರು ಕೋರ್ಟಿನ ಮೆಟ್ಟಿಲಾದರೂ ಹತ್ತಿದರು. ನಮ್ಮ ರಾವಣನನ್ನು ಕೊರೆದವನಿಗೆ ಅದೂ ಇಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ವಿದ್ಯಾರ್ಥಿಗಳು ಕಾಸಿಲ್ಲದೆ ಮಾಡಬಹುದಾದ ಸಂಗ್ರಹವೊಂದಿದೆ: ಊರಿಗೆ ಗೊಂಬೆಯಾಟ ಬರುತ್ತಿತ್ತೇ, ಯಾವ ಮನೆತನದವರು ತರುತ್ತಿದ್ದರು, ಯಾವ ಪ್ರಸಂಗ ಆಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡುವುದು. ತೊಗಲಿಗಾದರೆ ಕಪಾಟು ಸಿಕ್ಕಿದೆ. ಹೆಸರುಗಳು ಇನ್ನೂ ಅಜ್ಜ, ಅಜ್ಜಿಯರ ನೆನಪಿನಲ್ಲೇ ಇವೆ.