ಆರ್ಕುಟ್ ಮುಚ್ಚಿದ ಮೇಲೆ ಉಳಿದ ಪಾಠ

ಇಂದು ವಾಟ್ಸಾಪ್ ಗುಂಪಿಲ್ಲದ ಮಹಿಳಾ ಮಂಡಳಿಯೇ ಇಲ್ಲ. ಆದರೆ ಹೊರನಾಡಿನ ನಮ್ಮಲ್ಲಿ ಅನೇಕರು ಶಾಲಾ ಗೆಳತಿಯರನ್ನು ಅಂತರ್ಜಾಲದಲ್ಲಿ ಮೊದಲು ಹುಡುಕಿದ್ದು ಆರ್ಕುಟ್‌ನಲ್ಲಿ. ಹತ್ತು ವರ್ಷ ಬಾಳಿದ ಆ ತಾಣದ ಕಥೆಯನ್ನು ನಾನು ಬರೀ ಹಳೆಯ ನೆನಪಿಗಾಗಿ ಹೇಳುತ್ತಿಲ್ಲ. ಇಂಥ ಕಂಪನಿಗಳು ನಮ್ಮನ್ನು ಹೇಗೆ ಸೆಳೆಯುತ್ತವೆ, ಹೇಗೆ ಹಿಡಿದಿಡುತ್ತವೆ ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ.

ಟರ್ಕಿ ಮೂಲದ ಗೂಗಲ್ ಎಂಜಿನಿಯರ್ ಆರ್ಕುಟ್ ಬುಯುಕ್‌ಕೊಕ್ಟೆನ್ ರೂಪಿಸಿದ, ಅವರ ಹೆಸರನ್ನೇ ಹೊತ್ತ ಈ ತಾಣ ಶುರುವಾದದ್ದು 2004ರ ಜನವರಿಯಲ್ಲಿ. ಮರುತಿಂಗಳೇ ಹಾರ್ವರ್ಡ್‌ನಲ್ಲಿ ಫೇಸ್‌ಬುಕ್ ಹುಟ್ಟಿತು. ಆರ್ಕುಟ್‌ಗೆ ಮೊದಮೊದಲು ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ, ಅರಿಶಿನ ಕುಂಕುಮಕ್ಕೆ ಕರೆದ ಹಾಗೆ. ಆ ಕರೆಯೇ ಅದರ ಆಕರ್ಷಣೆ. ಸ್ಕ್ರ್ಯಾಪ್, ಟೆಸ್ಟಿಮೋನಿಯಲ್, ಕಮ್ಯುನಿಟಿಗಳಿಂದಾಗಿ ಅದು ಬ್ರೆಜಿಲ್ ಮತ್ತು ಭಾರತದಲ್ಲಿ ಮನೆಮಾತಾಯಿತು.

2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಎರಡು ಹೆಜ್ಜೆ ಇಟ್ಟಿತು. ಹದಿಮೂರು ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. 'ನ್ಯೂಸ್ ಫೀಡ್' ತಂದಿತು. ಆರ್ಕುಟ್‌ನಲ್ಲಿ ಒಬ್ಬೊಬ್ಬರ ಪುಟಕ್ಕೂ ನಾವೇ ಹೋಗಿ ನೋಡಬೇಕಿತ್ತು. ಇಲ್ಲಿ ಎಲ್ಲರ ಸುದ್ದಿಯೂ ನಮ್ಮ ಬಾಗಿಲಿಗೇ ಬಂತು. 2009ರಲ್ಲಿ 'ಲೈಕ್' ಗುಂಡಿ ಬಂತು. 2010ರ ಹೊತ್ತಿಗೆ ಭಾರತದಲ್ಲೂ ಫೇಸ್‌ಬುಕ್ ಮುಂದಾಯಿತು. ನಾಲ್ವರು ಗೆಳತಿಯರು ಅತ್ತ ಹೋದರೆ ಐದನೆಯವಳು ಇತ್ತ ಏಕೆ ಕೂರುತ್ತಾಳೆ? ಜನರಿಂದಲೇ ಬೆಳೆದ ತಾಣ ಜನ ಹೋದಂತೆ ಸೊರಗಿತು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು.

ಗೆದ್ದ ಫೇಸ್‌ಬುಕ್ ಈ ಪಾಠವನ್ನು ಮರೆಯಲಿಲ್ಲ. ಜನ ಬೇರೆಡೆ ಹೋಗುವ ಮೊದಲೇ ಆ ಬೇರೆಡೆಯನ್ನೇ ಕೊಳ್ಳತೊಡಗಿತು: 2012ರಲ್ಲಿ 100 ಕೋಟಿ ಡಾಲರ್‌ಗೆ ಇನ್‌ಸ್ಟಾಗ್ರಾಂ ಖರೀದಿಯನ್ನೂ 2014ರಲ್ಲಿ 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಖರೀದಿಯನ್ನೂ ಘೋಷಿಸಿತು. ಕೊಳ್ಳಲಾಗದ್ದನ್ನು ಅನುಕರಿಸಿತು. ಸ್ನ್ಯಾಪ್‌ಚಾಟ್‌ನ 'ಸ್ಟೋರಿ' 2016ರಲ್ಲಿ ಇನ್‌ಸ್ಟಾಗ್ರಾಂಗೂ ಬಂತು. 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿದರೆ, ಜುಲೈನಲ್ಲೇ ಇಲ್ಲಿ 'ರೀಲ್ಸ್' ಸಿದ್ಧ! ಇವರು ನಮ್ಮಿಂದ ದುಡ್ಡು ಕೇಳುವುದಿಲ್ಲ, ಹೊತ್ತು ಕೇಳುತ್ತಾರೆ. ಆ ಹೊತ್ತನ್ನು ಜಾಹೀರಾತುದಾರರಿಗೆ ಮಾರುತ್ತಾರೆ. ಎಷ್ಟು ಸರಿಸಿದರೂ ಮುಗಿಯದ ಪುಟ, ಕೆಂಪು ಚುಕ್ಕೆಯ ಸೂಚನೆ, ಎಲ್ಲವೂ ಅದಕ್ಕಾಗಿಯೇ. ಬಿಟ್ಟು ಹೋಗೋಣವೆಂದರೆ ವರ್ಷಗಳ ಫೋಟೋ, ಬಳಗ ಎರಡೂ ಅಲ್ಲೇ ಇರುತ್ತವೆ.

ಈ ಇತಿಹಾಸ ನಮಗೇಕೆ ಬೇಕು? ಆರ್ಕುಟ್ ಮುಚ್ಚುವ ಮುನ್ನ ಗೂಗಲ್ ಮೂರು ತಿಂಗಳ ಮುನ್ಸೂಚನೆ ಕೊಟ್ಟಿತ್ತು. ಫೋಟೋಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶವೂ ಇತ್ತು. ವಿಷಯ ಗೊತ್ತಾಗಿ ಇಳಿಸಿಕೊಂಡವರಿಗೆ ಅವು ಉಳಿದವು, ಉಳಿದವರಿಗೆ ಇಲ್ಲ. ನಮ್ಮ ರಾಜ್ಯೋತ್ಸವದ ಚಿತ್ರಗಳು, ಹಿರಿಯರು ಹಾಡಿದ ಸಂಪ್ರದಾಯದ ಹಾಡುಗಳು, ಅಡುಗೆಯ ಟಿಪ್ಪಣಿಗಳು ಇಂದು ಇಂಥದೇ ಬಾಡಿಗೆ ಮನೆಯಲ್ಲಿವೆ. ಬಾಡಿಗೆ ಮನೆಯಲ್ಲಿ ಸುಖವಾಗಿರಬಹುದು, ಆದರೆ ಪೆಟ್ಟಿಗೆಯ ಬೀಗದ ಕೈ ನಮ್ಮ ಸೆರಗಿನಲ್ಲಿರಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿ ಸಂಘದ ಬೀರುವಿನಲ್ಲಿ ಇಡೋಣ, ಸದಸ್ಯೆಯರ ಫೋನ್ ನಂಬರುಗಳನ್ನು ಒಂದು ಪುಸ್ತಕದಲ್ಲೂ ಬರೆದಿಡೋಣ ಎಂಬುದು ನನ್ನ ಸಲಹೆ.