ಬಳ್ಳಾರಿಯ ವಿಲಾಸಿ ನಾಟಕಸಭೆಗಳು ಮತ್ತು ಮರುಕೂಟದ ಪರಂಪರೆ

ಚದುರಿಹೋದ ಹಳೆಯ ನಟರು ಬಹುಕಾಲದ ಅನಂತರ ಒಂದುಗೂಡಿ, ತಮಗೆ ಪರಿಚಿತವಾದ ರಂಗಸ್ಥಳದಲ್ಲಿ ಮತ್ತೆ ಬಣ್ಣ ಹಚ್ಚುವುದನ್ನು ಕೇವಲ ಗತಕಾಲದ ಮೋಹವೆಂದು ತಿಳಿಯುವುದು ವಾಡಿಕೆ. ಬಳ್ಳಾರಿ ಪ್ರಾಂತದ ನಾಟಕಚರಿತ್ರೆಯನ್ನು ಅವಲೋಕಿಸಿದರೆ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಇಲ್ಲಿಯ ವಿಲಾಸಿ ಮಂಡಲಿಗಳಿಗೆ ಅಗಲುವುದೂ ಮರಳಿ ಕೂಡುವುದೂ ಆಕಸ್ಮಿಕವಲ್ಲ. ಅದೇ ಅವುಗಳ ಜೀವನಕ್ರಮ. ಈ ಕ್ರಮದ ಸ್ವರೂಪವನ್ನೂ, ಅದರ ಚರಿತ್ರೆ ನಮ್ಮ ಕೈಬಿಟ್ಟುಹೋಗುತ್ತಿರುವ ಬಗೆಯನ್ನೂ ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯು ಮದರಾಸು ಆಧಿಪತ್ಯದ ಮುಖ್ಯ ಪಟ್ಟಣಗಳಲ್ಲಿ ಒಂದಾಯಿತು. ದಂಡು, ಕಚೇರಿ, ನ್ಯಾಯಾಲಯಗಳು ಇಲ್ಲಿ ನೆಲೆಗೊಂಡವು. ಗುಂತಕಲ್ಲಿನ ಮಾರ್ಗವಾಗಿ ಮದರಾಸಿಗೆ ರೈಲು ಸಂಪರ್ಕವೂ ಒದಗಿತು. ಕನ್ನಡ, ತೆಲುಗು, ಉರ್ದು, ಮರಾಠಿ, ತಮಿಳುಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತಿದ್ದವು. ಹಗಲು ನ್ಯಾಯಾಲಯದಲ್ಲಿ ವಾದಿಸಿ ರಾತ್ರಿ ತಾಲೀಮಿಗೆ ಕೂಡುವ ವಿದ್ಯಾವಂತರ ವರ್ಗವೊಂದು ಇಂತಹ ಪಟ್ಟಣದಲ್ಲಿ ರೂಪುಗೊಂಡುದು ಸಹಜವೇ ಆಗಿದೆ.

ಈ ವರ್ಗದ ಅಗ್ರಗಣ್ಯರು ವಕೀಲರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912). ತೆಲುಗು ನಾಡಿನಲ್ಲಿ 'ಆಂಧ್ರ ನಾಟಕ ಪಿತಾಮಹ'ರೆಂದು ಪ್ರಖ್ಯಾತರಾದ ಇವರು ಆರಂಭದಲ್ಲಿ ಕನ್ನಡದಲ್ಲಿಯೇ 'ಸ್ವಪ್ನಾನಿರುದ್ಧ'ವೆಂಬ ನಾಟಕವನ್ನು ರಚಿಸಿದರೆಂಬುದು ಗಮನಾರ್ಹ. ತರುವಾಯ ಬಂದ ತೆಲುಗಿನ 'ಚಿತ್ರನಳೀಯ'ವು ಅವರ ಕೀರ್ತಿಯನ್ನು ಸ್ಥಿರಗೊಳಿಸಿತು. ಅವರು ಕಟ್ಟಿದ ಸರಸವಿನೋದಿನೀ ಸಭೆಯು ವೃತ್ತಿಮಂಡಲಿಯಾಗಿರಲಿಲ್ಲ. ಅದರ ನಟರಿಗೆ ಜೀವನೋಪಾಯ ಬೇರೆ ಇದ್ದಿತು. ಪ್ರಯೋಗ ಮುಗಿದೊಡನೆ ಅವರು ತಮ್ಮ ತಮ್ಮ ಕಾರ್ಯಗಳಿಗೆ ಹಿಂದಿರುಗಿ, ಮತ್ತೊಂದು ಪ್ರಯೋಗಕ್ಕೆ ಪುನಃ ಕೂಡುತ್ತಿದ್ದರು. ವೃತ್ತಿಮಂಡಲಿಯನ್ನು ದಿನದ ಆದಾಯ ಹಿಡಿದಿಡುತ್ತದೆ. ವಿಲಾಸಿ ಮಂಡಲಿಯನ್ನು ಹಿಡಿದಿಡುವುದು ಪರಸ್ಪರ ವಿಶ್ವಾಸ ಮತ್ತು ಪಾತ್ರದ ನೆನಪು.

1891ರಲ್ಲಿ ಈ ಸಭೆಯು ಮದರಾಸಿಗೆ ತೆರಳಿ, ಆಗ ಹೊಸದಾಗಿದ್ದ ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿ ನಾಟಕಗಳನ್ನು ಪ್ರಯೋಗಿಸಿತು. ಪ್ರೇಕ್ಷಕರಲ್ಲಿ ಹದಿನೆಂಟು ವರ್ಷದ ಪಮ್ಮಲ್ ಸಂಬಂಧ ಮುದಲಿಯಾರರೂ ಇದ್ದರು. ಅದುವರೆಗೆ ನಾಟಕವೆಂದರೆ ತಾತ್ಸಾರವಿದ್ದ ಆ ತರುಣರಿಗೆ, ಗೌರವಸ್ಥ ವೃತ್ತಿಗಳಲ್ಲಿದ್ದ ವಿದ್ಯಾವಂತರು ವೇಷ ಕಟ್ಟಿ ಅಭಿನಯಿಸಿದುದು ಹೊಸ ದೃಷ್ಟಿಯನ್ನಿತ್ತಿತು. ಅದೇ ವರ್ಷದ ಜುಲೈ 1ರಂದು ಅವರು ಗೆಳೆಯರೊಡನೆ ಸುಗುಣವಿಲಾಸ ಸಭೆಯನ್ನು ಸ್ಥಾಪಿಸಿದರು. ಆಧುನಿಕ ತಮಿಳು ರಂಗಭೂಮಿಯ ಒಂದು ಮುಖ್ಯ ಸಂಸ್ಥೆಯ ಹುಟ್ಟಿಗೆ ಬಳ್ಳಾರಿಯ ವಕೀಲರ ಕೂಟವೊಂದು ಪ್ರೇರಣೆಯಾಯಿತೆಂಬುದನ್ನು ಮುದಲಿಯಾರರೇ ತಮ್ಮ ಸ್ಮೃತಿಗಳಲ್ಲಿ ಒಪ್ಪಿಕೊಂಡಿದ್ದಾರೆ.

ಬಳ್ಳಾರಿಯಲ್ಲಿಯೇ ಇನ್ನೊಂದು ಕೂಟವೂ ಬೆಳೆಯಿತು. ಹಂಪೆಯ ಸಮೀಪದ ಕಮಲಾಪುರದಲ್ಲಿ ಜನಿಸಿದ ವಕೀಲ ಕೋಲಾಚಲಂ ಶ್ರೀನಿವಾಸರಾಯರು (1854–1919) ಸುಮನೋರಮಾ ಸಭೆಯನ್ನು ನಡೆಸಿ, ವಿಜಯನಗರದ ಪತನವನ್ನು ಕುರಿತ 'ರಾಮರಾಜ' ನಾಟಕವನ್ನು ರಂಗಕ್ಕೆ ತಂದರು. ಧರ್ಮವರಂ ಅವರ ಸೋದರಳಿಯನಾದ ರಾಘವಾಚಾರ್ಯರು ಆ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರದಿಂದ ಹೆಸರುಗಳಿಸಿದರು. ಒಂದು ಸಭೆಯ ಸ್ಥಾಪಕರ ಬಂಧುವು ಮತ್ತೊಂದರ ನಾಟಕದಲ್ಲಿ ಮೆರೆದನೆಂಬುದೇ ಈ ಕೂಟಗಳ ಎಲ್ಲೆಗಳು ಬಿಗಿಯಾಗಿರಲಿಲ್ಲವೆಂಬುದಕ್ಕೆ ನಿದರ್ಶನ. 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಹುಟ್ಟಿದ ಈ ನಟರೇ ಮುಂದೆ ಬಳ್ಳಾರಿ ರಾಘವರೆಂದು ಪ್ರಸಿದ್ಧರಾದರು. ಬೆಂಗಳೂರಿನಲ್ಲಿ 1909ರಲ್ಲಿ ಆರಂಭವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ನಟರೊಡನೆಯೂ ಅವರು ಅಭಿನಯಿಸಿದರು. ವಕೀಲಿ ವೃತ್ತಿಯನ್ನು ಬಿಡದೆ, ಕರೆದ ಕಡೆ ಕೂಡಿ, ತೆಲುಗು, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ಪಾತ್ರವಹಿಸಿ, 1946ರಲ್ಲಿ ಅವರು ತೀರಿಕೊಂಡರು.

ನಗರದ ಈ ರೀತಿಯನ್ನೇ ಹೋಲುವ ಕ್ರಮವೊಂದು ಸಿರುಗುಪ್ಪ, ಕುರುಗೋಡುಗಳ ಸುತ್ತಿನ ಗ್ರಾಮಗಳಲ್ಲಿಯೂ ಉಂಟು. ಬಯಲಾಟದ ಪೂರ್ವಸಂಸ್ಕಾರವಿರುವ ಈ ಊರುಗಳಲ್ಲಿ ಜಾತ್ರೆಯ ವೇಳೆಗೆ ರೈತರೂ ವ್ಯಾಪಾರಿಗಳೂ ಉಪಾಧ್ಯಾಯರೂ ಸೇರಿ ನಾಟಕವಾಡುತ್ತಾರೆ. ಹಾರ್ಮೋನಿಯಂ ಮಾಸ್ತರರು ಮಟ್ಟುಗಳನ್ನು ಕಲಿಸುತ್ತಾರೆ. ಪರದೆಗಳು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ವೃತ್ತಿಕಲಾವಿದೆಯರನ್ನು ಆಹ್ವಾನಿಸುತ್ತಾರೆ. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯಂತಹ ನಾಟಕಗಳು ಮತ್ತೆ ಮತ್ತೆ ರಂಗವೇರಲು ಇದೂ ಒಂದು ಕಾರಣ: ದುರ್ಯೋಧನನ ಮಾತುಗಳನ್ನು ಯೌವನದಲ್ಲಿ ಕಂಠಪಾಠ ಮಾಡಿದವನು ಮುಪ್ಪಿನಲ್ಲಿ ಕರೆದರೂ ಎದ್ದು ಬರುತ್ತಾನೆ. ಮಂಡಲಿಗೆ ಕಚೇರಿಯಿಲ್ಲ, ದಫ್ತರವಿಲ್ಲ. ಅದು ನಟರ ನೆನಪಿನಲ್ಲಿಯೇ ವಾಸವಾಗಿರುತ್ತದೆ.

ಇಲ್ಲಿಯೇ ಚರಿತ್ರಕಾರನ ಕಷ್ಟವೂ ಆರಂಭವಾಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರ ರಾಜ್ಯಕ್ಕೂ ಸೇರಿದವು. ರಾಜ್ಯಗಳ ಗಡಿ ನ್ಯಾಯವಾಗಿ ನಿಶ್ಚಯವಾಯಿತು. ಆದರೆ ಸಾಹಿತ್ಯಚರಿತ್ರೆಗಳೂ ಅದೇ ಗೆರೆಯನ್ನು ಹಿಡಿದು ಹಿಂದಿನ ಕಾಲವನ್ನು ಹಂಚಿಕೊಂಡವು. ಸರಸವಿನೋದಿನೀ ಸಭೆ ತೆಲುಗು ನಾಟಕದ ಅಧ್ಯಾಯಕ್ಕೆ ಸಂದಿತು. ನಾವು ಅದನ್ನು ಪರರದೆಂದು ಬಿಟ್ಟೆವು. ಅವರ ನಾಟಕಗಳಲ್ಲಿ ಬಹುಪಾಲು ತೆಲುಗಿನವೇ ಎಂಬುದು ನಿಜ. ಆದರೆ ಆ ರಂಗ ನಮ್ಮ ಊರಿನದು; ಅದರ ಪ್ರೇಕ್ಷಕರಲ್ಲಿ ಕನ್ನಡಿಗರಿದ್ದರು; ಗಮಕಿಯೂ ನಾಟಕಕಾರರೂ ಆದ ಜೋಳದರಾಶಿ ದೊಡ್ಡನಗೌಡರಂತಹವರು ರಾಘವರ ಒಡನಾಟದಲ್ಲಿ ಬೆಳೆದರು. ಇಂದು ಬಳ್ಳಾರಿಯಲ್ಲಿ ಇವರಿಬ್ಬರ ಹೆಸರಿನಲ್ಲಿಯೂ ರಂಗಮಂದಿರಗಳಿರುವುದು, ಪುಸ್ತಕಗಳು ಬೇರ್ಪಡಿಸಿದುದನ್ನು ಊರು ಬೇರ್ಪಡಿಸಲಿಲ್ಲವೆಂಬುದಕ್ಕೆ ಸಾಕ್ಷಿ.

ಆದುದರಿಂದ ಹಳೆಯ ನಟರ ಮರುಕೂಟವನ್ನು ನಾವು ಉತ್ಸವವೆಂದಲ್ಲ, ಆಕರವೆಂದು ಪರಿಗಣಿಸಬೇಕು. ಕಟ್ಟಡಕ್ಕೆ ಶಿಲಾಫಲಕವಿರುತ್ತದೆ, ಮಂಡಲಿಗೆ ಉಳಿಯುವುದು ಪ್ರಯೋಗದ ಕರಪತ್ರ ಮತ್ತು ತಾಲೀಮಿನ ಪುಸ್ತಕ ಮಾತ್ರ. ತಿಥಿ, ಸ್ಥಳ, ಪಾತ್ರಧಾರಿಗಳ ಹೆಸರುಗಳಿರುವ ಆ ಕರಪತ್ರವು ಶಾಸನದಷ್ಟೇ ಪ್ರಯೋಜನಕಾರಿ; ಶಾಸನದಂತೆ ಕಲ್ಲಿನ ಮೇಲಿಲ್ಲವಾದುದರಿಂದ ಬೇಗ ನಾಶವಾಗುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿದ ಮಟ್ಟುಗಳನ್ನು ಓದಬಲ್ಲವರು ಮುಪ್ಪಿನವರು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋದಾಗ ಇವನ್ನು ನಕಲು ಮಾಡಿ ತಂದರೆ, ಈ ಸೀಮೆಯ ರಂಗಚರಿತ್ರೆಯು ಎರಡು ಭಾಷೆಗಳ ನಡುವೆ ಅನಾಥವಾಗುವುದು ತಪ್ಪೀತು. ಮಂಡಲಿಯು ಇನ್ನೊಮ್ಮೆ ಕೂಡುವ ಸಾಧ್ಯತೆಯಿರುವಾಗಲೇ ಈ ಕಾರ್ಯ ನಡೆಯಬೇಕಾದುದು ಅವಶ್ಯಕ.