ಮೂರು ಸಾಹಿತ್ಯ ಸಮ್ಮೇಳನಗಳೂ ಅವುಗಳ ಆತಿಥೇಯ ಊರುಗಳೂ: ಜಮಖಂಡಿ, ರಬಕವಿ, ಮುಧೋಳ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಪ್ರದೇಶವು ಕನ್ನಡ ಸಾಹಿತ್ಯದ ಚರಿತ್ರೆಗೆ ಹೊಸದಲ್ಲ. ರನ್ನನು ಅಜಿತಪುರಾಣದಲ್ಲಿ (ಕ್ರಿ. ಶ. ೯೯೩) ತನ್ನ ಹುಟ್ಟೂರಾದ ಮುದುವೊಳಲನ್ನು ಹೆಸರಿಸುವಾಗ ಅದು ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಊರೆಂದು ತಿಳಿಸಿದ್ದಾನೆ. ಮುದುವೊಳಲು ಇಂದಿನ ಮುಧೋಳ. ಜಂಬುಖಂಡಿ ಇಂದಿನ ಜಮಖಂಡಿ. ಹತ್ತನೆಯ ಶತಮಾನದಲ್ಲಿ ಒಂದೇ ನಾಡಿನೊಳಗಿದ್ದ ಈ ಊರುಗಳು ಬ್ರಿಟಿಷರ ಕಾಲಕ್ಕೆ ಬರುವಷ್ಟರಲ್ಲಿ ಹಲವು ಒಡೆತನಗಳಿಗೆ ಹಂಚಿಹೋಗಿದ್ದವು. ಜಮಖಂಡಿಯು ಪಟವರ್ಧನರ ಒಂದು ಶಾಖೆಯ ರಾಜಧಾನಿ, ಮುಧೋಳವು ಘೋರ್ಪಡೆಯವರದು, ಬೀಳಗಿಯು ಬ್ರಿಟಿಷ್ ಆಡಳಿತದ ಬಿಜಾಪುರ ಜಿಲ್ಲೆಯದು, ರಬಕವಿಯು ಪಟವರ್ಧನರ ಮತ್ತೊಂದು ಶಾಖೆಯ ಸಾಂಗಲಿ ಸಂಸ್ಥಾನದ್ದು. ರಬಕವಿಗೆ ಹತ್ತಿಕೊಂಡೇ ಇರುವ ಬನಹಟ್ಟಿಯಾದರೋ ಜಮಖಂಡಿಗೆ ಸೇರಿದ್ದಿತು. ನೇಕಾರನೊಬ್ಬನು ನೂಲು ತರಲು ನೆರೆಯೂರಿಗೆ ನಡೆದುಹೋದರೆ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಂತಾಗುತ್ತಿದ್ದಿತು.

ಇಂತಹ ಹರಿದು ಹಂಚಿಹೋದ ನೆಲದಲ್ಲಿ ಅಖಿಲ ಕರ್ಣಾಟಕದ ಸಾಹಿತ್ಯ ಸಮ್ಮೇಳನವು ಮೂರು ಸಲ ಸೇರಿತು: ೧೯೩೭ರಲ್ಲಿ ಜಮಖಂಡಿಯಲ್ಲಿ, ೧೯೪೪ರಲ್ಲಿ ರಬಕವಿಯಲ್ಲಿ, ೧೯೯೫ರಲ್ಲಿ ಮುಧೋಳದಲ್ಲಿ. ಈ ಸಮ್ಮೇಳನಗಳ ಅಧ್ಯಕ್ಷಭಾಷಣಗಳು, ನಿರ್ಣಯಗಳು, ಗೋಷ್ಠಿಗಳು ಸಾಹಿತ್ಯಚರಿತ್ರೆಯಲ್ಲಿ ತಮ್ಮ ಸ್ಥಾನವನ್ನು ಪಡೆದಿವೆ. ಆದರೆ ಸಮ್ಮೇಳನವನ್ನು ಕರೆದು, ಹಂದರ ಹಾಕಿ, ಅನ್ನವಿಕ್ಕಿದ ಊರಿಗೆ ಅದರಿಂದ ಏನು ವೆಚ್ಚವಾಯಿತು, ಏನು ಲಭಿಸಿತು ಎಂಬ ಪ್ರಶ್ನೆಯನ್ನು ವಿಚಾರಿಸಿದವರು ವಿರಳ.

ದೊಡ್ಡ ಕೂಟವೊಂದು ಊರಿನಲ್ಲಿ ಕಣ್ಣಿಗೆ ಕಾಣುವ ಗುರುತನ್ನು ಬಿಡುವುದುಂಟು. ಈ ಭಾಗಕ್ಕೆ ಸಮೀಪದ ನಿದರ್ಶನವೆಂದರೆ ೧೯೨೪ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ. ಅಲ್ಲಿಯ ವಿಜಯನಗರವೆಂಬ ಬಿಡಾರಕ್ಕೆ ನೀರೊದಗಿಸಲು ತೋಡಿದ ಬಾವಿಯು ಅಧಿವೇಶನ ಮುಗಿದ ಮೇಲೂ ಉಳಿದು, ಪಂಪಾ ಸರೋವರವೆಂಬ ಹೆಸರನ್ನು ಹೊತ್ತು, ಜನರ ಬಾಯಲ್ಲಿ ಕಾಂಗ್ರೆಸ್ ಬಾವಿಯಾಯಿತು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ಣಾಟಕ ಏಕೀಕರಣ ಪರಿಷತ್ತೂ ಸೇರಿತು. ಬಾವಿಯನ್ನು ಅಳೆಯಬಹುದು; ಏಕೀಕರಣ ಪರಿಷತ್ತಿನಿಂದ ಊರಿಗೂ ನಾಡಿಗೂ ಆದ ಲಾಭವನ್ನು ಅಳೆಯುವ ಕೋಲು ಬೇರೆ. ಸಾಹಿತ್ಯ ಸಮ್ಮೇಳನಗಳ ಲೆಕ್ಕವು ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಜಮಖಂಡಿಯ ಸಮ್ಮೇಳನದ ಮಹತ್ತ್ವವನ್ನು ತಿಳಿಯಬೇಕಾದರೆ ಅಲ್ಲಿಯ ಭಾಷಾಸ್ಥಿತಿಯನ್ನು ನೆನೆಯಬೇಕು. ಪ್ರಜೆಗಳ ಮಾತು ಕನ್ನಡ. ಅರಮನೆಯ ಮಾತು ಮರಾಠಿ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂತಹವರ ಶ್ರಮದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಶಾಲೆಗಳು ತಲೆಯೆತ್ತಿದ್ದವು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದಿತು. ಸಂಸ್ಥಾನಗಳ ಎಲ್ಲೆಯೊಳಗೆ ಆ ಗಾಳಿಯು ತಡವಾಗಿ ಬೀಸಿತು. ಜಮಖಂಡಿಯ ಅರಸರು ವಿದ್ಯೆಗೆ ವಿಮುಖರಾಗಿದ್ದರೆಂದು ಇದರಿಂದ ಭಾವಿಸಬಾರದು. ಪುಣೆಯ ನ್ಯೂ ಪೂನಾ ಕಾಲೇಜಿಗೆ ಸರ್ ಪರಶುರಾಮಭಾವೂ ಕಾಲೇಜೆಂಬ ಹೆಸರು ಬಂದುದು ಜಮಖಂಡಿಯ ಅರಸರು ತಮ್ಮ ತಂದೆಯ ಹೆಸರಿನಲ್ಲಿ ಕೊಟ್ಟ ಭಾರಿ ದಾನದಿಂದಲೇ. ಆ ದಾನವು ಉದಾರವಾದುದು. ಆದರೆ ಆ ದ್ರವ್ಯವು ಹುಟ್ಟಿದ್ದು ಕೃಷ್ಣಾತೀರದ ಜೋಳದ ಹೊಲಗಳಲ್ಲಿ, ಫಲಿಸಿದ್ದು ಮುಠಾನದಿಯ ದಡದಲ್ಲಿ ಎಂಬುದನ್ನೂ ಹೇಳದೆ ವಿಧಿಯಿಲ್ಲ. ಜಮಖಂಡಿಯಲ್ಲಿ ೧೮೮೬ರಲ್ಲಿ ಹುಟ್ಟಿ ಅಲ್ಲಿಯ ಪರಶುರಾಮಭಾವೂ ಪ್ರೌಢಶಾಲೆಯಲ್ಲಿ ಓದಿದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರನ್ನು ಕುರಿತು ೧೯೩೩ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಕನ್ನಡದ ಅನುಭಾವಿಗಳನ್ನು ಕುರಿತ ಅವರ ಗ್ರಂಥವು ಹೊರಬಂದುದು ೧೯೬೦ರಲ್ಲಿ. ಒಬ್ಬ ಮಹನೀಯರ ಗ್ರಂಥಕ್ರಮದಿಂದ ಊರಿನ ಸ್ಥಿತಿಯನ್ನು ಸಾಧಿಸಲಾಗದು. ಆದರೂ ಆ ಕ್ರಮವು ಊರಿನ ಹವೆಗೆ ಒಪ್ಪುವಂತಿದೆ.

೧೯೧೫ರಿಂದ ಸಂಚರಿಸುತ್ತ ಬಂದ ಸಮ್ಮೇಳನವು ಅಷ್ಟರೊಳಗೆ ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಇಲಾಖೆಗಳು, ಕೊಡಗು, ನಿಜಾಮರ ರಾಜ್ಯದ ಕಲಬುರಗಿ ರಾಯಚೂರುಗಳು, ಇವೆಲ್ಲವನ್ನೂ ಕಂಡಿದ್ದಿತು. ದಕ್ಷಿಣ ಮರಾಠಾ ಸಂಸ್ಥಾನಗಳ ನೆಲದಲ್ಲಿ ಮಾತ್ರ ಅದು ಒಮ್ಮೆಯೂ ಕೂಡಿರಲಿಲ್ಲ. ೧೯೩೭ರಲ್ಲಿ ಜಮಖಂಡಿಯಲ್ಲಿ ಸೇರಿದ ಇಪ್ಪತ್ತೆರಡನೆಯ ಸಮ್ಮೇಳನದಿಂದ ಈ ಕೊರತೆಯು ತೀರಿತು. ಅಧ್ಯಕ್ಷರು ಬೆಂಗಳೂರಿನ ಬೆಳ್ಳಾವೆ ವೆಂಕಟನಾರಣಪ್ಪನವರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, ‘ವಿಜ್ಞಾನ’ ಮಾಸಪತ್ರಿಕೆಯ ಮೂಲಕ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಿ ತೋರಿಸಿ, ಪಂಪಭಾರತದ ಸಂಪಾದನೆಯಲ್ಲಿಯೂ ಕೈಯಿಟ್ಟ ವಿದ್ವಾಂಸರು ಅವರು. ಕನ್ನಡವು ಕಚೇರಿಗೂ ಮೇಲುವಿದ್ಯೆಗೂ ಒದಗದ ಭಾಷೆಯೆಂಬ ಭಾವನೆಯು ರೂಢವಾಗಿದ್ದ ಊರಿನಲ್ಲಿ ಅಂತಹವರು ಅಧ್ಯಕ್ಷಪೀಠವನ್ನೇರಿದುದೇ ಒಂದು ಉತ್ತರವಾಗಿದ್ದಿತು. ಮರುವರ್ಷ ೧೯೩೮ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಕನ್ನಡ ಸಾಹಿತ್ಯ ಪರಿಷತ್ತೆಂದು ಹೆಸರನ್ನು ಬದಲಿಸಿಕೊಂಡಿತು.

ಸಂಸ್ಥಾನದ ಊರಿನಲ್ಲಿ ಸಮ್ಮೇಳನವನ್ನು ಕರೆಯುವುದಕ್ಕೆ ಇನ್ನೊಂದು ಅರ್ಥವೂ ಉಂಟು. ಬ್ರಿಟಿಷ್ ಜಿಲ್ಲೆಗಳಲ್ಲಿ ರಾಜಕೀಯ ಸಭೆಗಳು ಬಳಕೆಯ ಮಾತಾಗಿದ್ದ ಕಾಲವದು; ೧೯೩೭ರ ಜುಲೈಯಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವೂ ಬಂದಿದ್ದಿತು. ಸಂಸ್ಥಾನಗಳಲ್ಲಿ ಪ್ರಜೆಗಳ ಸಂಘಟನೆಯು ಸುಲಭವಾಗಿರಲಿಲ್ಲ. ನೆರೆಯ ರಾಮದುರ್ಗದಲ್ಲಿ ೧೯೩೯ರ ಏಪ್ರಿಲಿನಲ್ಲಿ ಅರಸೊತ್ತಿಗೆಗೂ ಪ್ರಜೆಗಳಿಗೂ ನಡೆದ ಜಗಳವು ರಕ್ತಪಾತದಲ್ಲಿ ಮುಗಿಯಿತು. ಸಾಹಿತ್ಯದ ಸಭೆಗೆ ಅರಸನ ವಿರೋಧವಿರುವುದು ಅಪರೂಪ. ಸಾವಿರಾರು ಕನ್ನಡಿಗರು ಒಂದು ಹಂದರದ ಕೆಳಗೆ ಕುಳಿತು, ತಮ್ಮ ನಾಡು ಎಷ್ಟು ವಿಸ್ತಾರವಾಗಿದೆಯೆಂಬುದನ್ನು ಅರಸನ ಅಪ್ಪಣೆಯನ್ನು ಮೀರದೆಯೇ ಕಂಡುಕೊಳ್ಳಲು ಅದೊಂದು ದಾರಿ. ಊರಿಗೆ ದೊರೆತ ಲಾಭಗಳಲ್ಲಿ ಇದನ್ನೇ ಮೊದಲನೆಯದಾಗಿ ಎಣಿಸಬೇಕು.

ವೆಚ್ಚದ ಮಾತಿಗೆ ಬರುವುದಾದರೆ, ಆ ಕಾಲದ ರೂಢಿಯಲ್ಲಿ ಪರಿಷತ್ತು ಹೆಸರನ್ನೂ ವಿದ್ವಾಂಸರನ್ನೂ ತರುತ್ತಿದ್ದಿತು; ಉಳಿದುದೆಲ್ಲ ಸ್ವಾಗತಮಂಡಲದ ಹೊರೆ. ಹಂದರ, ದೀಪ, ಊಟ, ವಸತಿ, ನಿಲ್ದಾಣದಿಂದ ಊರಿಗೆ ವಾಹನ, ಇವೆಲ್ಲಕ್ಕೂ ಊರಿನಲ್ಲಿ ಪಟ್ಟಿ ಎತ್ತಬೇಕು. ಜಮಖಂಡಿಗಾಗಲಿ ರಬಕವಿಗಾಗಲಿ ರೈಲಿರಲಿಲ್ಲ. ಬರುವವರು ಕುಡಚಿಯಲ್ಲಿಯೋ ಬಾಗಲಕೋಟೆಯಲ್ಲಿಯೋ ಇಳಿದು ಮೋಟಾರಿನಲ್ಲಿ ಬರಬೇಕು. ಇಂತಹ ಕೂಟದಿಂದ ಲಾಭ ಪಡೆಯುವವರು ಬಾಡಿಗೆಯ ಗಾಡಿಯವರು, ಫರಾಳದ ಅಂಗಡಿಯವರು, ಪುಸ್ತಕ ಮಾರುವವರು. ಕೊಡುವವರು ಊರಿನ ಅಡತಿಯವರು, ಮಠಗಳವರು, ಮನೆಮನೆಯವರು. ಲಾಭ ಪಡೆಯುವವರೂ ಕೊಡುವವರೂ ಒಂದೇ ಜನರಲ್ಲ. ಜಾತ್ರೆಗೆ ಬಂದವನು ಎತ್ತನ್ನೋ ಪಾತ್ರೆಯನ್ನೋ ಸೀರೆಯನ್ನೋ ಕೊಂಡು ಹೋಗುತ್ತಾನೆ. ಸಮ್ಮೇಳನಕ್ಕೆ ಬಂದವನು ಅತಿಥಿಯಾಗಿ ಉಂಡು, ಹೆಚ್ಚೆಂದರೆ ಎರಡು ಪುಸ್ತಕಗಳನ್ನು ಕೊಂಡು ಹೋಗುತ್ತಾನೆ. ಆದುದರಿಂದ ಸಮ್ಮೇಳನದಿಂದ ಊರಿನ ವ್ಯಾಪಾರವು ಬೆಳೆಯಿತೆಂಬ ಸಮಾರೋಪದ ಮಾತುಗಳನ್ನು ಹಾಗೆಯೇ ಒಪ್ಪುವುದು ಕಷ್ಟ.

ಈ ದೃಷ್ಟಿಯಿಂದ ೧೯೪೪ರ ರಬಕವಿಯ ಸಮ್ಮೇಳನವು ಮೂರರಲ್ಲಿಯೂ ಹೆಚ್ಚು ವಿಚಾರಣೀಯವಾದುದು. ರಬಕವಿ ರಾಜಧಾನಿಯಲ್ಲ, ಅರಮನೆಯ ಊರಲ್ಲ. ಅದೂ ಬನಹಟ್ಟಿಯೂ ಮಗ್ಗದ ಊರುಗಳು. ಮನೆಯ ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತರೆ ಹೆಂಗಸರೂ ಮಕ್ಕಳೂ ಕಂಡಿಕೆ ಸುತ್ತುವರು. ಒಂದು ದಿನ ಮಗ್ಗ ನಿಂತರೆ ಒಂದು ದಿನದ ಗಳಿಕೆ ಇಲ್ಲ. ಅಂತಹ ಊರಿನ ಮೇಲೆ ಆಗ ಯುದ್ಧದ ಭಾರವು ಬಿದ್ದಿದ್ದಿತು. ೧೯೩೯ರಿಂದ ಜರ್ಮನಿಯ ಬಣ್ಣಗಳು ಬರುವುದು ನಿಂತಿತು. ೧೯೪೧ರ ಡಿಸೆಂಬರಿನ ತರುವಾಯ ಜಪಾನಿನ ನೂಲು ಬರುವುದು ನಿಂತಿತು. ೧೯೪೩ರ ಜೂನಿನಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯು ಜಾರಿಗೆ ಬಂದಿತು. ೧೯೪೨–೪೩ರಲ್ಲಿ ನೆರೆಯ ಬಿಜಾಪುರ ಜಿಲ್ಲೆಯು ಬರಗಾಲಕ್ಕೆ ತುತ್ತಾಗಿದ್ದಿತು. ಪೆಟ್ರೋಲಿಗೆ ಪಡಿತರ; ಬಸ್ಸುಗಳು ಇದ್ದಿಲಿನ ಅನಿಲದಿಂದ ಏದುತ್ತ ಓಡುವ ಕಾಲ.

ಇಂತಹ ಕಾಲದಲ್ಲಿ ಈ ಚಿಕ್ಕ ಊರು ಅಖಿಲ ಕರ್ಣಾಟಕವನ್ನು ತನ್ನ ಮನೆಗೆ ಕರೆಯಿತು. ಜಮಖಂಡಿಯ ಸಮ್ಮೇಳನವು ನಡೆದು ಏಳೇ ವರ್ಷಗಳಾಗಿದ್ದವು. ಎರಡೂ ಊರುಗಳ ನಡುವೆ ಸುಮಾರು ೧೨ ಮೈಲಿಗಳಷ್ಟೇ ಅಂತರ. ೧೯೩೭ರಿಂದ ೧೯೪೪ರವರೆಗೆ ನಡೆದ ಏಳು ಸಮ್ಮೇಳನಗಳಲ್ಲಿ ಎರಡು ಈ ಮೂಲೆಯಲ್ಲಿಯೇ ಕೂಡಿದುವೆಂದರೆ ಅದನ್ನು ಕೇವಲ ಆಕಸ್ಮಿಕವೆನ್ನಲಾಗದು. ಬಳ್ಳಾರಿ, ಬೆಳಗಾವಿ, ಧಾರವಾಡ, ಹೈದರಾಬಾದು, ಶಿವಮೊಗ್ಗಗಳಂತಹ ಊರುಗಳ ಸಾಲಿನಲ್ಲಿ ರಬಕವಿಯ ಹೆಸರು ಕುಳಿತುದು ಹೇಗೆಂಬುದನ್ನು ವಿಚಾರಿಸಿದರೆ, ಮಗ್ಗದ ಊರಿನ ಸ್ವಭಾವವನ್ನೇ ನೋಡಬೇಕಾಗುತ್ತದೆ. ನೂಲಿನ ವರ್ತಕರೂ ಬಟ್ಟೆಯ ವರ್ತಕರೂ ಕೂಡಿ ಖರ್ಚು ಮಾಡುವುದಕ್ಕೆ ಒಗ್ಗಿಕೊಂಡವರು. ಮಠ, ಜಾತ್ರೆ, ಪುರಾಣ ಇವೆಲ್ಲ ಅವರ ಪಟ್ಟಿಯಿಂದಲೇ ನಡೆಯತಕ್ಕವು. ಈ ರೂಢಿಯು ಈ ಸೀಮೆಯಲ್ಲಿ ಬಹು ಹಳೆಯದು. ರಬಕವಿಗೆ ಸಮೀಪದ ತೇರದಾಳದ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಗೊಂಕನ ಜಿನಾಲಯಕ್ಕೆ ಅಯ್ಯಾವೊಳೆಯ ವರ್ತಕಸಂಘದವರು ಕೊಟ್ಟ ದಾನಗಳು ಉಕ್ತವಾಗಿವೆ. ದೇವಾಲಯಕ್ಕೆ ಕೊಡುತ್ತಿದ್ದ ಕೈ ಸಾಹಿತ್ಯಕ್ಕೂ ಚಾಚಿತೆಂದರೆ ಅತಿಶಯೋಕ್ತಿಯಾಗದು.

ಊರಿನವರಿಗೆ ಸಾಹಿತ್ಯವು ಹೊರಗಿನಿಂದ ಬಂದ ಸರಕಾಗಿರಲೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ. ಗು. ಹಳಕಟ್ಟಿಯವರಿಗೆ ವಚನಗಳ ತಾಡವೋಲೆಯ ಪ್ರತಿಗಳು ದೊರೆತ ಎಡೆಗಳಲ್ಲಿ ರಬಕವಿ–ಬನಹಟ್ಟಿಗಳೂ ಸೇರಿವೆ. ಮಗ್ಗದ ಸದ್ದಿನ ನಡುವೆ ಪೆಟ್ಟಿಗೆಯಲ್ಲಿ ಉಳಿದುಬಂದ ಆ ಕಟ್ಟುಗಳೇ ಮುಂದೆ ೧೯೨೩ರ ‘ವಚನಶಾಸ್ತ್ರಸಾರ’ದಂತಹ ಕಾರ್ಯಕ್ಕೆ ದಾರಿಮಾಡಿದ ಸಾಮಗ್ರಿಯ ಒಂದು ಅಂಶ. ಸಮ್ಮೇಳನದ ಅಧ್ಯಕ್ಷರಾಗಿ ಬಂದ ಶಿ. ಶಿ. ಬಸವನಾಳರು ಆ ವಚನಗಳ ಸಂಪಾದಕರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದ ತರುಣರಲ್ಲಿ ಒಬ್ಬರು. ಓಲೆಗಳನ್ನು ಕಾಪಾಡಿದ ಊರು ಓಲೆಗಳನ್ನು ಓದಿದ ಪಂಡಿತರನ್ನು ಸತ್ಕರಿಸಿದ ಸಂದರ್ಭವಿದು. ಪಟ್ಟಿಯ ಹಣವನ್ನು ಕೊಟ್ಟವರಲ್ಲಿ ಎಷ್ಟೋ ಮಂದಿಗೆ ಗೋಷ್ಠಿಯ ಚರ್ಚೆಗಿಂತ ಈ ಸಂಬಂಧವೇ ಹೆಚ್ಚು ಅರ್ಥವತ್ತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೂ ಲೆಕ್ಕದ ಇನ್ನೊಂದು ಬದಿಯನ್ನು ಮುಚ್ಚಬಾರದು. ವರ್ತಕನು ಪಟ್ಟಿಗೆ ಕೊಟ್ಟ ರೂಪಾಯಿಯು ಕಟ್ಟಕಡೆಗೆ ನೇಕಾರನ ಮಜೂರಿಯಿಂದ ಉಳಿದ ರೂಪಾಯಿಯೇ. ನೂಲು ದುರ್ಲಭವಾಗಿದ್ದಾಗ ಅದು ಇನ್ನೂ ಭಾರವಾದುದು. ಸ್ವಾಗತದ ಕೀರ್ತಿಯು ದಾನಿಗಳ ಹೆಸರಿಗೆ ಬರುವುದು. ನಿಂತ ಮಗ್ಗದ ನಷ್ಟಕ್ಕೆ ಹೆಸರಿಲ್ಲ. ಸಮ್ಮೇಳನಗಳ ವರದಿಗಳಲ್ಲಿ ಹಂದರದ ಅಳತೆಯುಂಟು, ಭೋಜನದ ವೈಭವವುಂಟು, ಈ ಅಂಕಣವಿಲ್ಲ.

೧೯೪೮ರ ಮಾರ್ಚ್ ೮ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ, ಮುಧೋಳ ಮತ್ತು ಸಾಂಗಲಿಯ ಕೈಯಲ್ಲಿದ್ದ ರಬಕವಿ ತೇರದಾಳಗಳು ಬಿಜಾಪುರ ಜಿಲ್ಲೆಯನ್ನು ಸೇರಿದವು. ಜಮಖಂಡಿಗೆ ಸೇರಿದ್ದು ದೂರದಲ್ಲಿದ್ದ ಕುಂದಗೋಳವು ಧಾರವಾಡ ಜಿಲ್ಲೆಗೆ ಹೋಯಿತು. ೧೯೫೬ರ ನವೆಂಬರ್ ೧ರಂದು ಇವೆಲ್ಲವೂ ವಿಶಾಲ ಮೈಸೂರಿನ ಭಾಗಗಳಾದವು. ಇದು ಸಮ್ಮೇಳನಗಳ ಫಲವೆಂದು ಹೇಳುವುದು ಸಾಹಸವಾದೀತು. ದಿಲ್ಲಿಯ ನೀತಿ, ಪ್ರಜಾಪರಿಷತ್ತುಗಳ ಚಳವಳಿ, ಏಕೀಕರಣದ ಹೋರಾಟ ಇವೇ ಮುಖ್ಯ ಕಾರಣಗಳು. ಆದರೆ ಎಲ್ಲೆಗಳು ಅಳಿಸಿದಾಗ ಈ ಊರುಗಳವರು ಯಾವ ಕಡೆಗೆ ನೋಡಬೇಕೆಂಬುದರಲ್ಲಿ ಸಂದೇಹಪಡಲಿಲ್ಲವೆಂಬುದಕ್ಕೆ ೧೯೩೭ ಮತ್ತು ೧೯೪೪ರ ಆ ಕೆಲವು ದಿನಗಳೂ ಸಾಕ್ಷಿಯಾಗಿವೆ.

೧೯೯೫ರ ಮುಧೋಳದ ಅರುವತ್ತನಾಲ್ಕನೆಯ ಸಮ್ಮೇಳನದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಧ್ಯಕ್ಷರು ಜಾನಪದ ವಿದ್ವಾಂಸರಾದ ಎಚ್. ಎಲ್. ನಾಗೇಗೌಡರು. ಅವರು ಘೋರ್ಪಡೆಯವರ ಹಳೆಯ ರಾಜಧಾನಿಯಲ್ಲಿ, ಅದಕ್ಕೂ ಮಿಗಿಲಾಗಿ ರನ್ನನ ಹುಟ್ಟೂರಿನಲ್ಲಿ, ಪೀಠವನ್ನೇರಿದ್ದು ಸೊಗಸಾದ ಯೋಗ. ಬಳೆಗಾರರ ಕುಲದಲ್ಲಿ ಹುಟ್ಟಿ ಚಕ್ರವರ್ತಿಯ ಆಸ್ಥಾನವನ್ನು ಸೇರಿದ ಕವಿಯ ಊರಿಗೆ ಇದು ಸಲ್ಲಬೇಕಾದ ಗೌರವವೂ ಹೌದು. ಅಷ್ಟರಲ್ಲಿ ಕಾಲವು ತಿರುಗಿದ್ದಿತು. ಘಟಪ್ರಭೆಯ ಕಾಲುವೆಗಳಿಂದ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾಗಿದ್ದವು. ಸಕ್ಕರೆಯ ಕಾರಖಾನೆಗಳು ಬಂದಿದ್ದವು. ಸಮ್ಮೇಳನಗಳ ಖರ್ಚಿನ ಬಹುಭಾಗವು ಸರಕಾರದ ಬೊಕ್ಕಸದ ಮೇಲೆ ಬೀಳುವುದು ವಾಡಿಕೆಯಾಗಿ, ಅಧ್ಯಾಪಕರು ಕರ್ತವ್ಯದ ರಜೆಯ ಮೇಲೆ ಪ್ರತಿನಿಧಿಗಳಾಗಿ ಬರತೊಡಗಿದ್ದರು. ಊರಿನ ಮೇಲಣ ಹೊರೆಯು ಇಳಿಯಿತು. ಮಗ್ಗ ನಿಲ್ಲಿಸಿ ಅನ್ನವಿಕ್ಕುವ ಕಾಲವು ಹೋಯಿತು. ಇದು ನ್ಯಾಯವೇ. ಆದರೆ ಪಟ್ಟಿಯಲ್ಲಿ ಎರಡಾಣೆ ಬರೆಸಿದವನಿಗೆ ಸಭೆಯ ಮೇಲಿದ್ದ ಹಕ್ಕು, ಸರಕಾರಿ ಅನುದಾನದ ಸಭೆಯಲ್ಲಿ ಪ್ರೇಕ್ಷಕನಾಗಿ ನಿಂತವನಿಗೆ ಇರುವುದೋ ಎಂಬುದು ಕೇಳತಕ್ಕ ಪ್ರಶ್ನೆಯಾಗಿದೆ. ರಬಕವಿಯವರು ಆತಿಥೇಯರು, ಈ ಕಾಲದ ಊರುಗಳು ಹಲವೊಮ್ಮೆ ಸ್ಥಳ ಮಾತ್ರ.

ಬೀಳಗಿಯ ಪಾಲಿಗೆ ಸಮ್ಮೇಳನವು ಬರಲಿಲ್ಲ. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರೆಯಾದಾಗ ಜಮಖಂಡಿ, ಮುಧೋಳ, ಬೀಳಗಿಗಳು ಒಂದೇ ಜಿಲ್ಲೆಯ ತಾಲ್ಲೂಕುಗಳಾದವು. ೧೯೪೪ರಲ್ಲಿ ಎರಡು ರಾಜ್ಯಗಳಿಗೆ ಸೇರಿದ್ದ ರಬಕವಿ ಬನಹಟ್ಟಿಗಳಿಗೆ ಇಂದು ಒಂದೇ ನಗರಸಭೆ, ಒಂದೇ ತಾಲ್ಲೂಕು. ಎರಡು ಹೆಸರುಗಳ ನಡುವೆ ಉಳಿದಿರುವುದು ಒಂದು ಅಡ್ಡಗೆರೆ ಮಾತ್ರ.